ಒಟ್ಟು ನೋಟಕ್ಕೆ ನಲವತ್ತು ಅಂಕ

ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಆ ಹೆಂಗಸನ್ನು ಎಲ್ಲರೂ ಸುತ್ತಿಗೆಯಕ್ಕ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಐವತ್ತು ದಾಟಿದ್ದ ಗಿಡ್ಡನೆಯ ಹೆಂಗಸು; ಮೊಣಕೈಯಿಂದ ಕೆಳಗೆ ಗಂಡಸರನ್ನು ನಾಚಿಸುವಂಥ ದಪ್ಪ ಕೈಗಳು. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆದರೆ ಆ ಸಿಟ್ಟನ್ನು ಒಮ್ಮೆಯೂ ಕುದುರೆಯ ಮೇಲೆ ತೀರಿಸಿಕೊಂಡವಳಲ್ಲ. ಅದೆಲ್ಲ ಮನುಷ್ಯರಿಗೇ ಮೀಸಲು. ನಾನು ಕುದುರೆ ಪ್ರದರ್ಶನ ಸಂಘದಲ್ಲಿ ಹದಿನೆಂಟು ವರ್ಷ ಗುಮಾಸ್ತನಾಗಿದ್ದವನು. ಅಷ್ಟೂ ವರ್ಷ ಅವಳ ಬೈಗುಳ ತಿಂದಿದ್ದೇನೆ. ಬಹುಪಾಲು ನ್ಯಾಯವಾದದ್ದೇ.

ಅವಳ ಕೆಲಸದ ಜಾಗ ಮನೆಯ ಹಿಂದಿನ ತಗಡಿನ ಶೆಡ್ಡು. ಕುದುರೆ ಜಾರದಂತೆ ನೆಲಕ್ಕೆ ರಬ್ಬರ್ ಹಾಸು. ಗೋಡೆಯ ಮೊಳೆಗಳಲ್ಲಿ ಅಳತೆವಾರು ತೂಗುಬಿಟ್ಟ ಲಾಳಗಳು, ಕೆಳಗೆ ಒಂದು ಮೇಜಿನ ಮೇಲೆ ಅರ, ಇಕ್ಕಳ, ಗೊರಸು ಕೆತ್ತುವ ಬಾಗಿದ ಚಾಕು. ಕಾದ ಲಾಳವನ್ನು ಗೊರಸಿಗಿಟ್ಟು ನೋಡುವಾಗ ಕೂದಲು ಸುಟ್ಟಂಥ ವಾಸನೆಯ ಹೊಗೆ ಏಳುತ್ತಿತ್ತು. ಬಸ್ಸು ಓಡಿಸುವ ಅವಳ ಗಂಡ ಆ ವಾಸನೆಯ ಬಗ್ಗೆ ಮದುವೆಯಾದಂದಿನಿಂದ ಗೊಣಗುತ್ತಿದ್ದ. "ದಿನಕ್ಕೆ ಇಪ್ಪತ್ತು ಕಾಲು ಹಿಡೀತಾಳೆ. ಇಷ್ಟು ವರ್ಷದಲ್ಲಿ ನನ್ನ ಕಾಲು ಒಂದ್ಸಲನೂ ಒತ್ತಿಲ್ಲ," ಎಂದು ಬಂದವರ ಮುಂದೆಲ್ಲ ದೂರುತ್ತಿದ್ದ. "ನಿನ್ನ ಗೊರಸು ಇನ್ನೂ ಚೆನ್ನಾಗಿದೆ, ಸುಮ್ನಿರು," ಎನ್ನುತ್ತಿದ್ದಳು ಅವಳು.

ಕುದುರೆಯ ಕಾಲು ನೋಡುವುದನ್ನು ಅವಳಿಗೆ ಕಲಿಸಿದವನು ಅವಳ ಅಪ್ಪ. ಆತನೂ ಲಾಳ ಕಟ್ಟುವವನೇ. ಮಗ, ಮಗಳು ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದ. ಆರೋಗ್ಯವಾಗಿರುವ ಕುದುರೆಯ ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದರೆ ಕೈ ಆಡಿಸಿದರೆ ಬೆರಳಿಗೆ ಸಿಗಬೇಕು ಎಂದು ಇಬ್ಬರ ಕೈಯನ್ನೂ ಹಿಡಿದು ಆಡಿಸಿ ತೋರಿಸಿದ್ದ. ಮಗಳು ಸುತ್ತಿಗೆ ಹಿಡಿದಳು. ಆರು ವರ್ಷ ದೊಡ್ಡವನಾದ ಮಗ ಸವಾರಿ ಶಾಲೆಯಲ್ಲಿ ಮೇಷ್ಟ್ರಾಗಿ, ನಿವೃತ್ತನಾದ ಮೇಲೆ ನಮ್ಮ ಸಂಘದ ತೀರ್ಪುಗಾರನಾದ.

ಆ ಅಣ್ಣ ಕೆಟ್ಟವನೇನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಸ್ತ್ರಿ ಕೆಡದ ಕೋಟು, ಮೆಲ್ಲನೆಯ ಮಾತು, ಲಂಚಕ್ಕೆ ಕೈ ಒಡ್ಡಿದವನಲ್ಲ. ಒಮ್ಮೆ ಯಾರೋ ಒಂದು ಬುಟ್ಟಿ ಹಣ್ಣು ಕಳಿಸಿದ್ದಕ್ಕೆ ಅದನ್ನು ನನ್ನ ಕೈಯಲ್ಲೇ ಹೊರಿಸಿ ವಾಪಸ್ಸು ಕಳಿಸಿದ್ದ. ಅವನಂಥವನಿಂದಲೂ ಇಷ್ಟು ಕೆಟ್ಟದ್ದು ನಡೆಯಬಹುದಾದರೆ ನಿಜವಾಗಿಯೂ ಕೆಟ್ಟವರಿಂದ ಇನ್ನೇನೆಲ್ಲ ನಡೆಯಬಹುದು ಎಂದು ನನಗೆ ಈಗಲೂ ಅನಿಸುತ್ತದೆ.

ನಮ್ಮ ಪ್ರದರ್ಶನದಲ್ಲಿ ಅಂಕ ಕೊಡುವ ಕ್ರಮ ಹೀಗಿತ್ತು. ಮಾಲೀಕರು ಕುದುರೆಯ ಮೈಯುಜ್ಜಿ, ಹೊಳಪು ಬರಿಸಿ, ಹಗ್ಗ ಕಟ್ಟಿದ ರಿಂಗಿನೊಳಗೆ ನಡೆಸಿಕೊಂಡು ಬರುತ್ತಾರೆ. ತೀರ್ಪುಗಾರ ಸುತ್ತ ನಡೆದು ನೋಡಿ ಅಂಕ ಹೇಳುತ್ತಾನೆ. ಮೈಕಾಲಿನ ಅಳತೆಗೆ ಮೂವತ್ತು, ನಡಿಗೆಗೆ ಮೂವತ್ತು, ಒಟ್ಟು ನೋಟಕ್ಕೆ ನಲವತ್ತು. ಈ ಒಟ್ಟು ನೋಟ ಎನ್ನುವುದು ಏನು ಎಂದು ನಿಯಮಗಳ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ವರ್ಷ ಕಳೆದಂತೆ ಅದಕ್ಕೆ ತಾನೇ ಒಂದು ಅರ್ಥ ಹುಟ್ಟಿಕೊಂಡಿತು. ದುಂಡಗಿರಬೇಕು. ಬೆನ್ನು ತುಂಬಿರಬೇಕು, ಕುತ್ತಿಗೆ ಕಮಾನಿನಂತೆ ಉಬ್ಬಿರಬೇಕು, ಹಿಂಭಾಗ ಸೇಬಿನ ಹಾಗೆ ನಡುವೆ ಗೀರು ಬಿದ್ದು ಎರಡಾಗಿರಬೇಕು. ಅದರಲ್ಲಿ ಎಷ್ಟು ಮಾಂಸಖಂಡ, ಎಷ್ಟು ಬರೀ ಕೊಬ್ಬು ಎಂದು ಕೈಯಿಟ್ಟು ನೋಡುವವರು ಯಾರೂ ಇರಲಿಲ್ಲ. ಬೆನ್ನು ಬಾಗಿದ್ದರೆ ಕೊಬ್ಬು ಅದನ್ನು ಮುಚ್ಚುತ್ತದೆ. ಭುಜ ಸೋತಿದ್ದರೆ ಅದನ್ನೂ ಮುಚ್ಚುತ್ತದೆ. ನಾನು ಮೇಜಿನ ಹಿಂದೆ ಕೂತು ಹೇಳಿದ ಅಂಕ ಬರೆದುಕೊಳ್ಳುತ್ತಿದ್ದೆ. ಕುದುರೆಯ ಕಡೆ ನಾನು ತಲೆ ಎತ್ತಿ ನೋಡಿದ್ದೇ ಕಡಿಮೆ.

ಪುಟ್ಟಿ ಎಂಬ ಕಂದು ಬಣ್ಣದ ಹೆಣ್ಣುಕುದುರೆ ನಮ್ಮ ರಿಂಗಿಗೆ ಮೊದಲು ಬಂದಾಗ ಅದಕ್ಕೆ ಆರು ವರ್ಷ. ಅದನ್ನು ಸಾಕಿದ್ದವರು ಒಬ್ಬ ಹಲ್ಲಿನ ಡಾಕ್ಟರು. ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು; ಕ್ಲಿನಿಕ್ಕು ಬಿಟ್ಟರೆ ಕುದುರೆ, ಕುದುರೆ ಬಿಟ್ಟರೆ ಕ್ಲಿನಿಕ್ಕು. ಲಾಯವನ್ನು ಆಪರೇಷನ್ ಕೋಣೆಯಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದರು. ಪುಟ್ಟಿ ಹದವಾದ ಮೈಯ, ಚುರುಕು ನಡಿಗೆಯ ಕುದುರೆ. ಹನ್ನೊಂದರಲ್ಲಿ ಆರನೆಯ ಸ್ಥಾನ ಬಂತು. ಅಂಕದ ಚೀಟಿಯ ಕೆಳಗೆ ತೀರ್ಪುಗಾರನ ಅಭಿಪ್ರಾಯಕ್ಕೆ ಒಂದು ಸಾಲು ಜಾಗವಿರುತ್ತದೆ. ಅಲ್ಲಿ ಅಣ್ಣ ತನ್ನ ಮುದ್ದಾದ ಅಕ್ಷರದಲ್ಲಿ ಬರೆದ: "ಒಳ್ಳೆಯ ಕುದುರೆ. ಇನ್ನೂ ತುಂಬಿಕೊಳ್ಳಬೇಕು."

ಚೀಟಿಯನ್ನು ಲಕೋಟೆಗೆ ಹಾಕಿ ಡಾಕ್ಟರ ಕೈಗೆ ಕೊಟ್ಟವನು ನಾನೇ. ಅವರು ಅಲ್ಲೇ ಬಿಚ್ಚಿ ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಅವರು ತಿಳಿದವರು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಜಾತಿಯ ಮನುಷ್ಯ. ಮಾರನೆಯ ದಿನದಿಂದಲೇ ಪುಟ್ಟಿಯ ಮೇವು ಬದಲಾಯಿತು. ಮೂರು ಹೊತ್ತು ಕಾಳು, ಅದಕ್ಕೆ ಬೆಲ್ಲದ ಪಾಕ, ಎಣ್ಣೆ. ಇಡೀ ದಿನ ಎಳೆ ಹುಲ್ಲಿನ ಹೊಲ. ಸವಾರಿ ಮಾಡಿಸಿದರೆ ಮೈ ಇಳಿಯುತ್ತದೆ ಎಂದು ಸವಾರಿಯನ್ನೂ ನಿಲ್ಲಿಸಿಬಿಟ್ಟರು.

ಎರಡನೆಯ ವರ್ಷ ಪುಟ್ಟಿ ರಿಂಗಿಗೆ ಬಂದಾಗ ಬೇಲಿಯ ಆಚೆ ನಿಂತವರು ಚಪ್ಪಾಳೆ ತಟ್ಟಿದರು. ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಟ್ಟು ನೋಟಕ್ಕೆ ನಲವತ್ತಕ್ಕೆ ಮೂವತ್ತೊಂಬತ್ತು. ಮೊದಲ ಬಹುಮಾನ, ಕೆಂಪು ರಿಬ್ಬನ್ನು, ಪತ್ರಿಕೆಯಲ್ಲಿ ಫೋಟೋ. ಚೀಟಿಯಲ್ಲಿ ಅಣ್ಣ ಬರೆದದ್ದು: "ಈಗ ನೋಡಿ, ಕುದುರೆ ಎಂದರೆ ಇದು." ಅದನ್ನು ಕಂಡ ಉಳಿದ ಮಾಲೀಕರೂ ಮನೆಗೆ ಹೋಗಿ ಕಾಳಿನ ಮೂಟೆ ಬಿಚ್ಚಿದರು.

ಸುತ್ತಿಗೆಯಕ್ಕ ಆರು ವಾರಕ್ಕೊಮ್ಮೆ ಪುಟ್ಟಿಯ ಕಾಲು ನೋಡಲು ಹೋಗುತ್ತಿದ್ದಳು. ಕುದುರೆ ಊದುತ್ತಿದೆ ಎಂದು ಮೊದಲ ವರ್ಷವೇ ಹೇಳಿದ್ದಳು. ಡಾಕ್ಟರು ನಕ್ಕು ಚೀಟಿ ತೋರಿಸಿದ್ದರು. ಅಣ್ಣನ ಅಕ್ಷರ ನೋಡಿ ಅವಳು ಹಲ್ಲು ಕಡಿದು ಸುಮ್ಮನಾಗಿದ್ದಳು. ಆ ಸುಮ್ಮನಾದದ್ದಕ್ಕೆ ತನ್ನನ್ನು ತಾನು ಅವಳು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಮೂರನೆಯ ವರ್ಷದ ಪ್ರದರ್ಶನಕ್ಕೆ ಐದು ವಾರವಿದ್ದಾಗ ಒಂದು ಬೆಳಿಗ್ಗೆ ಪುಟ್ಟಿಯ ಮುಂಗಾಲನ್ನು ತೊಡೆಯ ನಡುವೆ ಹಿಡಿದು ಕೆತ್ತುತ್ತಿದ್ದವಳು ಕೈ ನಿಲ್ಲಿಸಿದಳು. ಗೊರಸಿನ ಗೋಡೆಗೂ ಅಂಗಾಲಿಗೂ ಕೂಡುವ ಬಿಳಿ ಗೆರೆ ದಾರದಷ್ಟು ಸಣ್ಣಗಿರಬೇಕು. ಅದು ಬೆರಳಿನಷ್ಟು ಅಗಲವಾಗಿ, ಅದರಲ್ಲಿ ರಕ್ತದ ಚುಕ್ಕೆಗಳಿದ್ದವು. ಗೊರಸು ಮುಟ್ಟಿದರೆ ಬಿಸಿ. ಕಾಲಿನ ಹಿಂದಿನ ನಾಡಿ ಬೆರಳಿಗೆ ಬಡಿಯುತ್ತಿತ್ತು. ಅವಳು ಎದ್ದು ಪುಟ್ಟಿಯ ಕುತ್ತಿಗೆಯ ಮೇಲಿನ ಕೊಬ್ಬಿನ ದಿಂಡನ್ನು ಹಿಡಿದು ಅಲ್ಲಾಡಿಸಿದಳು. ಅದು ಅಲ್ಲಾಡಲಿಲ್ಲ, ಮರದ ತುಂಡಿನಂತೆ ಗಟ್ಟಿ.

"ಡಾಕ್ಟ್ರೇ, ಇಲ್ಲಿ ಬನ್ನಿ. ಇದನ್ನ ನೋಡಿ."

"ಗಾಯಾನಾ?"

"ಗಾಯ ಆಗಿದ್ರೆ ನಾನೇ ವಾಸಿ ಮಾಡ್ತಿದ್ದೆ. ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಒಸಡು ಕೊಳೆತು ಹಲ್ಲು ಬಿಟ್ಟುಕೊಳ್ಳುತ್ತಲ್ಲ, ಅದೇ ತರ ಗೊರಸು ಒಳಗಿನ ಮೂಳೆಯಿಂದ ಬಿಟ್ಟುಕೊಳ್ತಾ ಇದೆ. ಇಷ್ಟು ಭಾರ ಹೊತ್ಕೊಂಡು ಆ ಅಲ್ಲಾಡೋ ಹಲ್ಲಿನ ಮೇಲೆ ಇವಳು ನಿಂತಿದ್ದಾಳೆ. ಕಾಳು ಇವತ್ತೇ ನಿಲ್ಲಿಸಿ, ಎಳೆ ಹುಲ್ಲಿಗೆ ಬಿಡಬೇಡಿ. ಪಶುವೈದ್ಯರನ್ನ ಕರೆಸಿ."

ಡಾಕ್ಟರ ಮುಖ ಬಿಳಿಚಿಕೊಂಡಿತು. ಆದರೂ ಕೇಳಿದರು, "ಪ್ರದರ್ಶನ?"

"ಪ್ರದರ್ಶನ ಹಾಳಾಗಿ ಹೋಗ್ಲಿ."

"ತುಂಬಿಕೊಳ್ಳಬೇಕು ಅಂದಿದ್ದು ನಿಮ್ಮ ಅಣ್ಣನೇ ಅಲ್ವಾ ಅಕ್ಕಾ? ಅವರಿಗೆ ಗೊತ್ತಿಲ್ಲದೆ ಇರುತ್ತಾ?"

ಅವಳು ಸಾಮಾನು ವ್ಯಾನಿಗೆ ಹಾಕಿಕೊಂಡು, ಚರ್ಮದ ಏಪ್ರನ್ನೂ ಬಿಚ್ಚದೆ ನೇರ ಅಣ್ಣನ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವರು ಅವಳ ಅತ್ತಿಗೆ. ಅಡಿಗೆಮನೆಯ ಮೇಜಿನಲ್ಲಿ ಅಣ್ಣ ಪೇಪರು ಓದುತ್ತಾ ಚಹಾ ಕುಡಿಯುತ್ತಿದ್ದ. ಇವಳು ಕೂರಲೂ ಇಲ್ಲ.

"ಅಣ್ಣ, ಪುಟ್ಟಿ ಕಾಲು ಕೆಟ್ಟಿದೆ. ಈ ವರ್ಷ ಅವಳನ್ನ ರಿಂಗಿಂದ ಆಚೆ ಹಾಕು."

"ಏನು ಕಾರಣ ಹೇಳಿ ಹಾಕ್ಲಿ?"

"ದಪ್ಪ ಆಗಿದ್ದಾಳೆ ಅಂತ ಹೇಳು."

"ದಪ್ಪ ಅನ್ನೋ ಕಾಲಮ್ಮು ನಮ್ಮ ಚೀಟೀಲಿ ಇಲ್ಲ ಕಣೇ."

"ಇನ್ನೂ ತುಂಬಿಕೊಳ್ಳಬೇಕು ಅಂತ ಬರೆದ್ಯಲ್ಲ, ಅದಕ್ಕೆ ಯಾವ ಕಾಲಮ್ಮಿತ್ತು?"

ಅಣ್ಣ ಪೇಪರು ಮಡಿಸಿಟ್ಟ. ಮೆಲ್ಲಗೇ ಹೇಳಿದ, "ನೋಡು, ಸಣ್ಣಗಿರೋ ಕುದುರೆಗೆ ಬಹುಮಾನ ಕೊಟ್ರೆ ಬೇಲಿ ಆಚೆ ನಿಂತೋರು ಏನಂತಾರೆ ಗೊತ್ತಾ? ಹೊಟ್ಟೆಗೆ ಹಾಕಿಲ್ಲ ಅಂತಾರೆ. ಸಂಘಕ್ಕೆ ದೂರು ಬರೀತಾರೆ. ದುಂಡಗಿದೆ ಅಂತ ಇವತ್ತಿನವರೆಗೆ ಒಂದು ದೂರೂ ಬಂದಿಲ್ಲ."

"ಕುದುರೆ ದೂರು ಬರೆಯಲ್ಲ ಅಣ್ಣ."

ಒಲೆಯ ಮುಂದಿದ್ದ ಅತ್ತಿಗೆಗೆ ನಗು ಬಂತಂತೆ; ಗಂಡನ ಮುಖ ನೋಡಿ ನುಂಗಿಕೊಂಡರಂತೆ.

"ಎಲ್ಲಾ ತೀರ್ಪುಗಾರರೂ ನೋಡೋದು ಇದನ್ನೇ," ಎಂದ ಅಣ್ಣ. "ನಾನೊಬ್ಬ ಬೇರೆ ತರ ನೋಡಿದ್ರೆ ಮುಂದಿನ ವರ್ಷ ನನ್ನನ್ನ ಕರೆಯೋದೇ ಇಲ್ಲ."

"ಕರೆಯದೇ ಇದ್ರೆ ಮನೇಲಿ ಕೂತ್ಕೋ. ಕೊಬ್ಬು ಯಾವುದು ಮಾಂಸಖಂಡ ಯಾವುದು ಅಂತ ಗೊತ್ತಿಲ್ಲದೆ ತೀರ್ಪು ಕೊಡ್ತಿದ್ರೆ ನೀನು ದಡ್ಡ, ಬಿಟ್ಟುಬಿಡಬಹುದು. ಆದ್ರೆ ನಿನಗೆ ಗೊತ್ತಿದೆ. ನನ್ನ ಪಕ್ಕದಲ್ಲೇ ನಿಂತು ಕಲಿತಿದ್ದೀಯ. ಗೊತ್ತಿದ್ದೂ ಕೊಡ್ತಿದ್ದೀಯ."

"ಬಾಯಿಗೆ ಬಂದ ಹಾಗೆ ಮಾತಾಡಬೇಡ. ನಾನು ನಿನ್ನ ಅಣ್ಣ."

"ಅದಕ್ಕೇ ಅಡಿಗೆಮನೇಲಿ ನಿಂತು ಮಾತಾಡ್ತಿದ್ದೀನಿ. ಬೇರೆಯವರಾಗಿದ್ರೆ ಬೀದೀಲಿ ನಿಲ್ಲಿಸಿ ಮಾತಾಡ್ತಿದ್ದೆ."

ಅವಳು ಬಂದಷ್ಟೇ ಜೋರಾಗಿ ಹೋದಳು. ಅತ್ತಿಗೆ ಲೋಟಕ್ಕೆ ಬಗ್ಗಿಸಿಟ್ಟ ಚಹಾ ಹಾಗೇ ಉಳಿಯಿತು.

ಹಲ್ಲಿನ ಡಾಕ್ಟರು ಅವಳ ಮಾತನ್ನು ಅರ್ಧ ಕೇಳಿದರು. ಕಾಳು ಅರ್ಧ ಮಾಡಿದರು, ಎಳೆ ಹುಲ್ಲಿಗೆ ಅರ್ಧ ದಿನ ಬಿಟ್ಟರು. ಪಶುವೈದ್ಯರನ್ನು ಪ್ರದರ್ಶನ ಮುಗಿದ ಮೇಲೆ ಕರೆಸೋಣ ಎಂದುಕೊಂಡರು. ಆದರೆ ಪುಟ್ಟಿ ಗಟ್ಟಿ ನೆಲದ ಮೇಲೆ ಗಾಜಿನ ಚೂರು ತುಳಿದಂತೆ ಹೆಜ್ಜೆ ಹಾಕತೊಡಗಿತ್ತು. ಅಂಗಾಲಿಗೆ ದಪ್ಪ ಚರ್ಮದ ಮೆತ್ತೆ ಕೊಟ್ಟು ಅದರ ಮೇಲೆ ಲಾಳ ಕಟ್ಟಿದರೆ ಒಂದು ದಿನದ ಮಟ್ಟಿಗೆ ಕುಂಟು ಕಾಣುವುದಿಲ್ಲ ಎಂದು ಯಾರೋ ಹೇಳಿಕೊಟ್ಟರು. ಡಾಕ್ಟರು ಸುತ್ತಿಗೆಯಕ್ಕನಿಗೆ ಫೋನು ಮಾಡಿದರು.

"ಇದೊಂದ್ಸಲ ಅಷ್ಟೇ ಅಕ್ಕಾ. ಆಮೇಲೆ ನೀವು ಹೇಳಿದ ಹಾಗೆ."

"ಡಾಕ್ಟ್ರೇ, ಹಲ್ಲು ನೋವು ಅಂತ ಬಂದೋರಿಗೆ ನೀವು ತುಟಿಗೆ ಬಣ್ಣ ಹಚ್ಚಿ ಕಳಿಸ್ತೀರಾ?" ಎಂದು ಕೇಳಿ ಫೋನಿಟ್ಟಳು. ಬೇರೆ ಊರಿನವನೊಬ್ಬ ಬಂದು ಮೆತ್ತೆ ಕಟ್ಟಿಹೋದ.

ಪ್ರದರ್ಶನದ ದಿನ ಚೆನ್ನಾಗಿ ಬಿಸಿಲಿತ್ತು. ನನ್ನ ಮೇಜಿನ ಮೇಲೆ ಚೀಟಿಗಳ ಕಟ್ಟು, ರಿಬ್ಬನ್ನುಗಳ ಪೆಟ್ಟಿಗೆ, ಗಾಳಿಗೆ ಹಾರದಂತೆ ಒಂದು ಕಲ್ಲು. ಒಟ್ಟು ಹದಿನಾಲ್ಕು ಕುದುರೆಗಳು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ತಲೆ ಎತ್ತಿ ಸರಿಯಾಗಿ ನೋಡಿದೆ. ಅದಕ್ಕೆ ಕಾರಣ ಮುಂಚಿನ ದಿನ ಸುತ್ತಿಗೆಯಕ್ಕ ನನ್ನ ಕಚೇರಿಗೆ ಬಂದು, "ಗುಮಾಸ್ತ್ರೇ, ನಾಳೆ ಅಂಕ ಬರೆಯೋಕೆ ಮುಂಚೆ ಒಂದ್ಸಲ ಕಣ್ಣುಬಿಟ್ಟು ನೋಡಿ. ಇವು ಕುದುರೆಗಳೋ ದಿಂಬುಗಳೋ ಅಂತ ನೀವೇ ಹೇಳಿ," ಎಂದು ಬೈದುಹೋಗಿದ್ದಳು. ನೋಡಿದೆ. ಹದಿನಾಲ್ಕರಲ್ಲಿ ಹತ್ತಕ್ಕೆ ಭುಜದ ಹಿಂದೆ ಕೊಬ್ಬು ದಿಂಬಿನಂತೆ ಕೂತಿತ್ತು. ಬಾಲದ ಬುಡದಲ್ಲಿ ಗಂಟುಗಂಟಾಗಿ ಉಬ್ಬಿತ್ತು. ಒಂದು ಸುತ್ತು ನಡೆಯುವಷ್ಟರಲ್ಲಿ ಏದುಸಿರು. ಸಣ್ಣಗೆ ಗಟ್ಟಿಮುಟ್ಟಾಗಿದ್ದ ಒಂದು ಬೂದು ಕುದುರೆಯ ಮಾಲೀಕ ಮೂಲೆಯಲ್ಲಿ ನಾಚಿಕೊಂಡವನಂತೆ ನಿಂತಿದ್ದ.

ಪುಟ್ಟಿ ಬಂತು. ಮೈ ಹೊಳೆಯುತ್ತಿತ್ತು, ಕಣ್ಣು ಮಾತ್ರ ಮಂಕಾಗಿತ್ತು. ಹೆಜ್ಜೆ ಚಿಕ್ಕದು. ನಿಲ್ಲಿಸಿದಾಗ ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತು. ಅಣ್ಣ ಸುತ್ತ ಒಂದು ಸಲ ನಡೆದ. ಮುಂಗಾಲಿನ ಹತ್ತಿರ ಒಂದು ಕ್ಷಣ ನಿಂತ; ಅದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ. ಆಮೇಲೆ ನನ್ನ ಹತ್ತಿರ ಬಂದು ಅಂಕ ಹೇಳಿದ. ನಡಿಗೆಗೆ ಇಪ್ಪತ್ತೈದು. ಒಟ್ಟು ನೋಟಕ್ಕೆ ನಲವತ್ತಕ್ಕೆ ನಲವತ್ತು.

ನಾನು ಬರೆದೆ. ಅದನ್ನೆಲ್ಲ ನೋಡಿದ ಮೇಲೂ ಬರೆದೆ.

ರಿಬ್ಬನ್ನು ಕಟ್ಟಲು ಅಣ್ಣ ಪುಟ್ಟಿಯ ಹತ್ತಿರ ಹೋದಾಗ ಸುತ್ತ ಕಟ್ಟಿದ ಹಗ್ಗವನ್ನು ಮೇಲೆತ್ತಿ ಸುತ್ತಿಗೆಯಕ್ಕ ರಿಂಗನ್ನು ಹೊಕ್ಕಳು. ಓಡಲಿಲ್ಲ, ಕೂಗಲಿಲ್ಲ. ಕೆಲಸಕ್ಕೆ ಹೋಗುವವಳ ಹಾಗೆ ನಡೆದುಬಂದು ಅಣ್ಣನ ಎದುರು ನಿಂತಳು. 

"ಒಂದ್ಸಲ ಕಾಲೆತ್ತಿ ನೋಡು, ಅಣ್ಣ," ಎಂದಳು.

"ಇಲ್ಲಿಂದ ಹೋಗು."

"ಅಷ್ಟೇ ಕೇಳೋದು. ಎತ್ತಿ ನೋಡು. ನೋಡಿದ ಮೇಲೂ ನಿನಗೆ ಕಟ್ಟೋಣ ಅನ್ಸಿದ್ರೆ ನಾನೇ ಹಿಡ್ಕೋತೀನಿ, ನೀನು ರಿಬ್ಬನ್ ಕಟ್ಟು."

ಅಣ್ಣ ಪುಟ್ಟಿಯ ಕಾಲಿನ ಕಡೆ ನೋಡಲಿಲ್ಲ. ಸಂಘದ ಅಧ್ಯಕ್ಷರ ಕಡೆ ನೋಡಿದ. ಇಬ್ಬರು ಬಂದು ಅವಳ ರಟ್ಟೆ ಹಿಡಿದರು. ಅವಳು ಒಂದು ಸಲ ಮೈ ಕೊಡವಿದ್ದಕ್ಕೆ ಇಬ್ಬರೂ ಬಿಟ್ಟರು. "ಮುಟ್ಟಬೇಡಿ, ನಾನೇ ಹೋಗ್ತೀನಿ," ಎಂದು ಡಾಕ್ಟರ ಕಡೆ ತಿರುಗಿ, "ಇವಳ ಮುಖ ನೋಡಿ ಡಾಕ್ಟ್ರೇ, ರಿಬ್ಬನ್ ನೋಡಬೇಡಿ," ಎಂದಷ್ಟೇ ಹೇಳಿ ಹೊರಟುಹೋದಳು. ಬೇಲಿಯಾಚೆ ಯಾರೋ ಸಿಳ್ಳೆ ಹೊಡೆದರು, ಕೆಲವರು ನಕ್ಕರು. ಅಣ್ಣ ರಿಬ್ಬನ್ನು ಕಟ್ಟಿದ.

ಎರಡು ವರ್ಷ ಅವಳು ಪ್ರದರ್ಶನದ ಮೈದಾನಕ್ಕೆ ಕಾಲಿಡಬಾರದು ಎಂದು ಸಂಘ ತೀರ್ಮಾನಿಸಿತು. ಆ ಪತ್ರ ಟೈಪ್ ಮಾಡಿ, ಮೊಹರು ಒತ್ತಿ, ಅಂಚೆಗೆ ಹಾಕಿದವನೂ ನಾನೇ. ಸಂಬಳಕ್ಕೆ ಕೆಲಸ ಮಾಡುವವನು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪ್ರದರ್ಶನ ಮುಗಿದ ಸರಿಯಾಗಿ ಇಪ್ಪತ್ತು ದಿನಕ್ಕೆ ಪುಟ್ಟಿ ಮಲಗಿತು, ಏಳಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಸುತ್ತಿಗೆಯಕ್ಕನಿಗೆ ಫೋನು ಮಾಡಿದರಂತೆ.  ಅವಳು ಏನೂ ಕೇಳದೆ ಹೋದಳು. ಪಶುವೈದ್ಯೆ ಆಗಲೇ ಎಕ್ಸ್‌ರೇ ತೆಗೆದಿದ್ದರು. ಎರಡೂ ಮುಂಗಾಲುಗಳಲ್ಲಿ ಮೂಳೆ ಗೊರಸಿನಿಂದ ಪೂರ್ತಿ ಬಿಟ್ಟುಕೊಂಡು, ಕೆಳಕ್ಕೆ ತಿರುಗಿ, ಬಲಗಾಲಿನಲ್ಲಿ ಅಂಗಾಲನ್ನೇ ತೂತು ಮಾಡಿಕೊಂಡು ಹೊರಬಂದಿತ್ತು. ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಡಾಕ್ಟರು ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನೋವಿಲ್ಲದೆ ಪ್ರಾಣ ಹೋಗಲೆಂದು ಪಶುವೈದ್ಯೆ ಸೂಜಿ ಕೊಟ್ಟರು. ಮಗಳು ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಸುತ್ತಿಗೆಯಕ್ಕ ಅಳಲಿಲ್ಲ. ಮೊಣಕಾಲೂರಿ ನಾಲ್ಕೂ ಲಾಳಗಳನ್ನು ಬಿಚ್ಚಿದಳು. ಮೆತ್ತೆಗಳನ್ನು ಕಿತ್ತು ಗೋಡೆಗೆ ಎಸೆದಳು.

"ನಾನೇ ಕೊಂದೆ ಅಕ್ಕಾ," ಎಂದರು ಡಾಕ್ಟರು.

ಸಮಾಧಾನ ಮಾಡುವ ಮಾತು ಅವಳ ಬಾಯಿಂದ ಬರಲಿಲ್ಲ. "ಹೌದು," ಎಂದಳು. "ನೀವು, ನನ್ನ ಅಣ್ಣ, ಮೊದಲನೇ ವರ್ಷ ಬಾಯಿ ಮುಚ್ಕೊಂಡ ನಾನು. ಇದನ್ನ ಅಳೋದ್ರಲ್ಲೇ ಮುಗಿಸಬೇಡಿ. ಒಂದು ಗೊರಸು ನನಗೆ ಕೊಡಿ."

ಪಶುವೈದ್ಯೆ ಬಲ ಮುಂಗಾಲಿನ ಗೊರಸನ್ನು ನಡುವೆ ಉದ್ದಕ್ಕೆ ಸೀಳಿ, ಔಷಧದ ನೀರು ತುಂಬಿದ ಗಾಜಿನ ಭರಣಿಯಲ್ಲಿ ಇಟ್ಟುಕೊಟ್ಟರು. ಸೀಳಿದ ಮುಖದಲ್ಲಿ ಎಲ್ಲವೂ ಓದಿಕೊಳ್ಳುವ ಹಾಗೆ ಕಾಣುತ್ತಿತ್ತು. ಗೊರಸಿನ ಗೋಡೆ ಒಂದು ದಿಕ್ಕಿಗೆ, ಮೂಳೆ ಇನ್ನೊಂದು ದಿಕ್ಕಿಗೆ, ನಡುವೆ ಕಪ್ಪು ರಕ್ತ ಹೆಪ್ಪುಗಟ್ಟಿದ ಬಿರುಕು.

ಸಂಘದ ವಾರ್ಷಿಕ ಸಭೆ ನಡೆದದ್ದು ನಮ್ಮ ಕಚೇರಿಯ ಮಹಡಿಯ ಹಾಲಿನಲ್ಲಿ. ಉದ್ದನೆಯ ಮೇಜು, ಮಡಿಸುವ ಕುರ್ಚಿಗಳು, ಬಿಸ್ಕತ್ತಿನ ತಟ್ಟೆಗಳು, ಸುಮಾರು ಮೂವತ್ತು ಜನ. ಅವಳಿಗೆ ನಿಷೇಧವಿದ್ದದ್ದು ಮೈದಾನಕ್ಕೆ, ಸಭೆಗಲ್ಲ. ಆ ಪತ್ರವನ್ನು ಬರೆದವನು ನಾನಾದ್ದರಿಂದ ಅದು ನನಗೆ ಗೊತ್ತಿತ್ತು. ಬಾಗಿಲಲ್ಲಿ ಅವಳನ್ನು ತಡೆದವರಿಗೆ ನಾನೇ ಎದ್ದು ಹೇಳಿದೆ. ನಾನು ಅವಳ ಪರವಾಗಿ ಮಾಡಿದ ಮೊದಲ ಕೆಲಸ ಅದು, ಅಷ್ಟೇನೂ ದೊಡ್ಡದಲ್ಲ.

ಅವಳು ಭರಣಿಯನ್ನು ಮೇಜಿನ ನಡುವೆ, ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟಳು. ಒಬ್ಬರು ಬಾಯಲ್ಲಿದ್ದ ಬಿಸ್ಕತ್ತನ್ನು ಕರವಸ್ತ್ರಕ್ಕೆ ಉಗಿದುಕೊಂಡರು.

"ಇದು ನಲವತ್ತಕ್ಕೆ ನಲವತ್ತು ಅಂಕ ತಗೊಂಡ ಕಾಲು," ಎಂದಳು. "ಚೆನ್ನಾಗಿ ನೋಡ್ಕೊಳ್ಳಿ. ಅವತ್ತು ನೋಡ್ಲಿಲ್ವಲ್ಲ."

ಅಧ್ಯಕ್ಷರು ಅದನ್ನು ತೆಗೆಯಿರಿ ಎಂದರು. ಅವಳು ತೆಗೆಯಲಿಲ್ಲ. ಅಣ್ಣ ಮೇಜಿನ ಆ ತುದಿಯಲ್ಲಿದ್ದ. ಕೆಮ್ಮಿ ಎದ್ದು ನಿಂತು, ಕುದುರೆಗಳಿಗೆ ನೂರೆಂಟು ಕಾಯಿಲೆ ಬರುತ್ತವೆ, ಅದಕ್ಕೂ ಪ್ರದರ್ಶನಕ್ಕೂ ಸಂಬಂಧ ಕಟ್ಟುವುದು ಸರಿಯಲ್ಲ, ಮೇವು ಹಾಕುವುದು ಮಾಲೀಕರ ಜವಾಬ್ದಾರಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ. ಮೂರು ನಾಲ್ಕು ಜನ ತಲೆಯಾಡಿಸಿದರು. ಸುತ್ತಿಗೆಯಕ್ಕನ ಕುತ್ತಿಗೆಯ ನರ ಉಬ್ಬಿತು. ಈಗ ಬಾಯಿ ಬಿಟ್ಟರೆ ಅಣ್ಣ ತಂಗಿಯ ಸಂಬಂಧ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಎದ್ದರು. ಜೇಬಿನಿಂದ ಮೂರು ಚೀಟಿ ತೆಗೆದರು. ಮಡಿಕೆ ಸವೆದು ಹರಿಯುವ ಹಾಗಾಗಿದ್ದವು.

"ಜವಾಬ್ದಾರಿ ನಂದೇ," ಎಂದರು. "ಅದರಿಂದ ನಾನು ಕೈ ತೊಳ್ಕೊಳ್ಳಲ್ಲ. ಆದ್ರೆ ನನಗೆ ಹೇಳಿಕೊಟ್ಟಿದ್ದು ಯಾರು ಅಂತ ಓದ್ತೀನಿ, ಕೇಳಿ." ಒಂದೊಂದಾಗಿ ಓದಿದರು. ಮೊದಲ ವರ್ಷ, ಇನ್ನೂ ತುಂಬಿಕೊಳ್ಳಬೇಕು. ಎರಡನೆಯ ವರ್ಷ, ಈಗ ನೋಡಿ, ಕುದುರೆ ಎಂದರೆ ಇದು. ಮೂರನೆಯ ವರ್ಷದ ಚೀಟಿಯಲ್ಲಿ ಏನು ಬರೆದಿತ್ತೆಂಬುದು ಅಣ್ಣ, ಡಾಕ್ಟರು, ನಾನು ಈ ಮೂವರನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಡಾಕ್ಟರು ಅದನ್ನೂ ಓದಿದರು: "ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ."

ಅಣ್ಣ ಕುರ್ಚಿಯಲ್ಲಿ ಕೂತ. ಅವನ ಕಣ್ಣು ಕೊನೆಗೂ ಭರಣಿಯ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಅಧ್ಯಕ್ಷರು ನನ್ನ ಕಡೆ ಬಾಗಿ, "ಇದನ್ನೆಲ್ಲ ನಡಾವಳಿಯಲ್ಲಿ ಬರೀಬೇಡಿ," ಎಂದರು. ನಾನು ಬರೆದೆ. ಮೂರೂ ಚೀಟಿಯ ಮಾತುಗಳನ್ನು ಅಕ್ಷರ ಬಿಡದೆ ಬರೆದು, ಮಾಡಿಸಿಕೊಳ್ಳಬೇಕಾದ ಸಹಿಗಳಿಗೆ ಜಾಗ ಬಿಟ್ಟೆ. ಆ ಪುಸ್ತಕ ಈಗಲೂ ಸಂಘದ ಬೀರುವಿನಲ್ಲಿದೆ.

ಸುತ್ತಿಗೆಯಕ್ಕ ಕೇಳಿದ್ದು ಒಂದೇ. ರಿಂಗಿಗೆ ಹೋಗುವ ಮೊದಲು ಪ್ರತಿ ಕುದುರೆಯ ಪಕ್ಕೆ, ಕುತ್ತಿಗೆ, ಬಾಲದ ಬುಡವನ್ನು ಪಶುವೈದ್ಯರು ಕೈಯಿಟ್ಟು ನೋಡಬೇಕು. ನಾಲ್ಕೂ ಗೊರಸು ಎತ್ತಿ ನೋಡಬೇಕು. ಮಿತಿ ಮೀರಿ ಕೊಬ್ಬಿದ್ದರೆ ಬಾಗಿಲಿಂದಲೇ ವಾಪಸ್ಸು. ಕೈ ಎತ್ತಿಸಿದಾಗ ಪರವಾಗಿ ಹದಿನಾರು, ವಿರೋಧವಾಗಿ ಹದಿಮೂರು. ಅಣ್ಣ ಯಾವ ಕಡೆಗೂ ಕೈ ಎತ್ತಲಿಲ್ಲ. ಒಟ್ಟು ನೋಟದ ನಲವತ್ತು ಅಂಕವನ್ನು ಮಾತ್ರ ಯಾರೂ ಮುಟ್ಟಲು ಒಪ್ಪಲಿಲ್ಲ. ಅದು ಈಗಲೂ ಹಾಗೇ ಇದೆ. ಆ ಮಾತು ಎತ್ತಿದರೆ ಅವಳು ಈಗಲೂ ಕೆಂಡವಾಗುತ್ತಾಳೆ. ಮರುವಾರ ಅಣ್ಣ ತೀರ್ಪುಗಾರನ ಕೆಲಸಕ್ಕೆ ರಾಜೀನಾಮೆ ಕಳಿಸಿದ. ಎರಡೇ ಸಾಲು, ಕಾರಣ ಬರೆದಿರಲಿಲ್ಲ. ಅವಳ ಮೇಲಿನ ನಿಷೇಧವನ್ನು ಸಂಘ ಸದ್ದಿಲ್ಲದೆ ತೆಗೆದುಹಾಕಿತು. ಗೊರಸು ನೋಡಲು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಬೇರೆ ಯಾರೂ ಸಿಗಲಿಲ್ಲವೆಂಬುದೇ ಅದಕ್ಕೆ ಕಾರಣ, ನ್ಯಾಯವೇನಲ್ಲ.

ಮುಂದಿನ ವರ್ಷ ಬಾಗಿಲಲ್ಲಿ ಪಶುವೈದ್ಯೆಯೂ ಅವಳೂ ನಿಂತರು. ಹದಿಮೂರು ಕುದುರೆಗಳಲ್ಲಿ ಎಂಟು ವಾಪಸ್ಸು ಹೋದವು. ಅವತ್ತು ಅವಳು ತಿಂದ ಬೈಗುಳ ನಾನು ಹದಿನೆಂಟು ವರ್ಷ ತಿಂದದ್ದಕ್ಕಿಂತ ಹೆಚ್ಚು. ಒಬ್ಬ ದಪ್ಪ ಮೀಸೆಯ ಮಾಲೀಕ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, "ನಿನಗೆ ಹೊಟ್ಟೆಕಿಚ್ಚು ಕಣಮ್ಮ, ನನ್ನ ಕುದುರೆ ಚೆಂದ ಇದೆ ಅಂತ," ಎಂದ.

"ಚೆಂದ ಇದೆ," ಎಂದಳು. "ಬದುಕಿದ್ರೆ ಇನ್ನೂ ಚೆಂದ ಇರುತ್ತೆ. ಕರ್ಕೊಂಡು ಹೋಗಿ ನಡೆಸಿ. ನೀವೂ ಜೊತೇಲಿ ನಡೀರಿ."

ಹಿಂದೆ ನಿಂತವರು ನಕ್ಕರು. ಅವನು ಕುದುರೆಯನ್ನು ಎಳೆದುಕೊಂಡು ಹೋದ. ಹಲ್ಲಿನ ಡಾಕ್ಟರು ಬರಲಿಲ್ಲ. ಅವರು ಮತ್ತೆ ಕುದುರೆ ಸಾಕಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಒಂದು ಹರೆಯದ ಕುದುರೆ ಗೊರಸು ಮುಟ್ಟಿಸಿಕೊಳ್ಳದೆ ಜಗ್ಗಾಡುತ್ತಿತ್ತು. ಹಿಡಿದುಕೊಂಡಿದ್ದ ಹೆಂಗಸಿನ ಕೈ ಸೋತಿತ್ತು. ಜನರ ನಡುವಿನಿಂದ ಒಬ್ಬ ಮನುಷ್ಯ ಬಂದು ಲಗಾಮು ಹಿಡಿದುಕೊಂಡ. ಇಸ್ತ್ರಿಯ ಕೋಟಿರಲಿಲ್ಲ, ಬರೀ ಅಂಗಿ. ಹತ್ತು ತಿಂಗಳಿಂದ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವನು ಕುದುರೆಯ ಕಿವಿಯ ಹತ್ತಿರ ಏನೋ ಮೆಲ್ಲಗೆ ಹೇಳಿದ, ಅದು ತಣ್ಣಗಾಯಿತು. ಅವಳು ಬಗ್ಗಿ ಕಾಲೆತ್ತಿಕೊಂಡಳು.

ಲಗಾಮು ಹಿಡಿದುಕೊಂಡೇ ಅವನು ಕೇಳಿದ, "ಇನ್ನೂ ಸಿಟ್ಟಿದೆಯಾ ನನ್ನ ಮೇಲೆ?"

"ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ," ಎಂದಳು, ತಲೆ ಎತ್ತದೆ. "ತಲೆ ಸ್ವಲ್ಪ ಆ ಕಡೆ ತಿರುಗಿಸು, ಹಿಂಗಾಲು ನೋಡಬೇಕು."

ಅವನು ತಿರುಗಿಸಿದ.